ಮನೆಯ ಸಾಕುಪ್ರಾಣಿಗಳ ಪರಸ್ಪರ ಒಡನಾಟ : ಬೆಳೆಗಾರರು ತಿಳಿದಿರಬೇಕಾದ ಕೆಲವು ಸಂಗತಿಗಳು



ಕಾಫಿ ಕೊಯ್ಲು ಮುಗಿದು ಹೂಮಳೆಗಾಗಿ ಮುಗಿಲು ನೋಡುವ ಬಿಡುವಿನಲ್ಲಿ ಈ ಬಾರಿ ಸಂಘದ ಹದಿನಾಲ್ಕು ಮಂದಿ ಸದಸ್ಯರೊಡನೆ ನಾವು ಕಲಬುರಗಿ ಜಿಲ್ಲೆಯ ಪ್ರವಾಸ ಕೈಗೊಂಡಿದ್ದೆವು. ತೊಗರಿ ಸೀಮೆಯ ರೈತರು ಬೆಳೆಯನ್ನು ಹೇಗೆ ಮಾರುತ್ತಾರೆ, ಅಲ್ಲಿಯ ಸಂಘಗಳ ವ್ಯವಹಾರ ಹೇಗೆ ನಡೆಯುತ್ತದೆ ಎಂಬುದನ್ನು ನೋಡಿ ಬರುವುದು ಉದ್ದೇಶವಾಗಿತ್ತು. ಅದರ ವರದಿ ಹಿಂದಿನ ಸಂಚಿಕೆಯಲ್ಲಿ ಬಂದಿದೆ. ವರದಿಯಲ್ಲಿ ಸೇರದ, ಆದರೆ ಊರಿಗೆ ಬಂದ ಮೇಲೂ ನಮ್ಮ ಮನಸ್ಸಿನಿಂದ ಹೋಗದ ಒಂದು ಸಣ್ಣ ಮಾತು ಈ ಲೇಖನಕ್ಕೆ ಕಾರಣ.

ವಾಡಿ, ಶಹಾಬಾದಿನ ಕಲ್ಲುಗಣಿಗಳನ್ನೂ ಸೇಡಮಿನ ಸಿಮೆಂಟಿನ ಧೂಳನ್ನೂ ದಾಟಿ ಚಿಂಚೋಳಿ ತಾಲ್ಲೂಕನ್ನು ಹೊಕ್ಕರೆ ಬಯಲಿನ ನಡುವೆ ಕುರುಚಲು ಕಾಡಿನ ಗುಡ್ಡಗಳು ಕಾಣಿಸುತ್ತವೆ. ಚಂದ್ರಂಪಳ್ಳಿ ಜಲಾಶಯ ಇರುವುದು ಅಲ್ಲಿಯೇ. ಈ ಕಾಡನ್ನು ಸರ್ಕಾರ 2011ರಲ್ಲಿ ಚಿಂಚೋಳಿ ವನ್ಯಜೀವಿ ಧಾಮವೆಂದು ಘೋಷಿಸಿತು. ವಿಸ್ತೀರ್ಣ ಸುಮಾರು 135 ಚದರ ಕಿಲೋಮೀಟರ್. ಮಲೆನಾಡಿನ ಕಣ್ಣಿಗೆ ಇದು ಯಾವ ಕಾಡು ಎನ್ನಿಸಬಹುದು. ಆದರೆ ತೋಳ, ನರಿ, ಕತ್ತೆಕಿರುಬಗಳು ಓಡಾಡುವ ನೆಲವದು. ಅದರ ಆಸುಪಾಸಿನಲ್ಲಿ ತಾಂಡಾಗಳಿವೆ, ಹಳ್ಳಿಗಳಿವೆ, ಕುರಿ ಮೇಕೆಗಳಿವೆ, ಅವುಗಳ ಬೆನ್ನಿಗೆ ನಾಯಿಗಳೂ ಇವೆ.

ಜಲಾಶಯದ ದಂಡೆಯಲ್ಲಿ ಬೇವಿನ ಮರದ ನೆರಳಿಗೆ ಒಬ್ಬ ಹಿರಿಯ ಕುರಿಗಾರರು ಮಂದೆ ತರುಬಿಕೊಂಡು ಕುಳಿತಿದ್ದರು. ನಾಯಿಯ ಹೊಟ್ಟೆಗೆ ಒರಗಿ ಒಂದು ಕುರಿಮರಿ ಮಲಗಿತ್ತು. ನಮ್ಮ ಸದಸ್ಯರೊಬ್ಬರು ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡು, "ಎಂಥ ಹೊಂದಾಣಿಕೆ ನೋಡಿ ಸೆಕ್ರೆಟರಿಗಳೆ, ಮನುಷ್ಯರಲ್ಲಿ ಇಷ್ಟಿಲ್ಲ" ಎಂದರು. ಹಿರಿಯರು ನಕ್ಕರು. "ಮಲಗ್ತಾವ್ರಿ ಸಾಹೇಬ್ರ, ಮಲಗ್ಲಿ. ಖರೆ ಎರಡರದ್ದೂ ಊಟ ಕೂಡಿಸಬಾರ್ದು ನೋಡ್ರಿ. ತಲಿ ತಿರುಗಿ ಸತ್ತ ಕುರಿ ತಲಿ ನಾಯಿಗಿ ಹಾಕಿದ್ರ, ಮುಂದಿನ ವರ್ಷ ಮತ್ತ ಹತ್ತು ಕುರಿ ತಲಿ ತಿರುಗ್ತಾವ. ನಮ್ಮಪ್ಪ ಹಾಕ್ತಿದ್ದ. ನಾ ಕುಣಿ ತೋಡಿ ಹುಗೀತೀನಿ."

ಪದವಿ ತರಗತಿಯಲ್ಲಿ ಪ್ರಾಣಿಶಾಸ್ತ್ರ ಓದಿದ ನಮಗೆ ಆ ಕ್ಷಣ ಸ್ವಲ್ಪ ನಾಚಿಕೆಯೇ ಆಯಿತು. ನಾವು ಪುಸ್ತಕದಲ್ಲಿ ಚಿತ್ರ ಬರೆದು ಅಂಕ ಪಡೆದ ವಿಷಯವನ್ನು ಅವರು ಮೂರು ಮಾತಿನಲ್ಲಿ ಹೇಳಿ ಮುಗಿಸಿದ್ದರು. ನಾಯಿಯ ಕರುಳಿನಲ್ಲಿ ಒಂದು ಬಗೆಯ ಲಾಡಿಹುಳು ಇರುತ್ತದೆ. ಅದರ ಮೊಟ್ಟೆ ನಾಯಿಯ ಮಲದ ಮೂಲಕ ಹುಲ್ಲಿಗೆ ಬೀಳುತ್ತದೆ. ಹುಲ್ಲು ಮೇದ ಕುರಿಯ ದೇಹದಲ್ಲಿ ಮರಿಹುಳು ರಕ್ತದೊಡನೆ ಸಾಗಿ ಮಿದುಳನ್ನು ಸೇರಿ ಅಲ್ಲಿ ನೀರುಗುಳ್ಳೆಯಾಗಿ ಬೆಳೆಯುತ್ತದೆ. ಕುರಿ ಒಂದೇ ಕಡೆಗೆ ಸುತ್ತು ಹಾಕುತ್ತಾ ಕಡೆಗೆ ಸಾಯುತ್ತದೆ. ಆ ತಲೆಯನ್ನು ಹಸಿಯಾಗಿ ನಾಯಿ ತಿಂದರೆ ಗುಳ್ಳೆಯೊಳಗಿನ ಒಂದೊಂದು ಮೊಗ್ಗೂ ಮತ್ತೆ ಒಂದೊಂದು ಲಾಡಿಹುಳು. ಇದೇ ಕುಟುಂಬದ ಇನ್ನೊಂದು ಹುಳು ಕುರಿ, ದನಗಳ ಯಕೃತ್ತು ಮತ್ತು ಶ್ವಾಸಕೋಶಗಳಲ್ಲಿ ಗುಳ್ಳೆ ಕಟ್ಟುತ್ತದೆ. ನಾಯಿಯ ಮೈ ಸವರಿದ ಕೈಯನ್ನು ತೊಳೆಯದೆ ಉಂಡರೆ ಮನುಷ್ಯನಿಗೂ ಅದು ಬರುತ್ತದೆ. ಈ ಸರಪಳಿಯಲ್ಲಿ ನಾಯಿಯೂ ಕುರಿಯೂ ಜಗಳವಾಡಿದ್ದು ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಬೇಕು. ಅವೆರಡೂ ಸ್ನೇಹದಿಂದಲೇ ಇದ್ದವು.

ಇನ್ನು ನಮ್ಮ ಮನೆಗಳನ್ನು ನೋಡೋಣ. ಐದಾರು ಎಕರೆ ಅಡಿಕೆ, ಕಾಫಿ ಇರುವ ಯಾವ ಮನೆಯಲ್ಲಾದರೂ ಎರಡು ನಾಯಿ, ಲೆಕ್ಕವಿಲ್ಲದ ಬೆಕ್ಕು, ಕೊಟ್ಟಿಗೆಯಲ್ಲಿ ನಾಲ್ಕು ರಾಸು, ಕೆಲವರಲ್ಲಿ ಕೋಳಿ, ಮಕ್ಕಳ ಹಟಕ್ಕೆ ತಂದ ಮೊಲ ಅಥವಾ ಪಂಜರದ ಹಕ್ಕಿ ಇದ್ದೇ ಇರುತ್ತವೆ. (ನಮ್ಮ ಕಾಡಿನ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧವೆಂದು ಈ ಸಂದರ್ಭದಲ್ಲಿ ನೆನಪಿಸುತ್ತೇವೆ.) ಇವೆಲ್ಲವೂ ಒಂದೇ ಅಂಗಳದಲ್ಲಿ ಸುತ್ತಾಡಿಕೊಂಡಿರುತ್ತವೆ. ಕೇಳಿದರೆ, "ಒಟ್ಟಿಗೇ ಬೆಳೆದದ್ದು ಮಾರಾಯರೆ, ಏನೂ ಮಾಡುವುದಿಲ್ಲ" ಎಂಬ ಉತ್ತರ ಬರುತ್ತದೆ.

ಆ ಉತ್ತರದಲ್ಲಿ ಸತ್ಯವಿಲ್ಲದೆ ಇಲ್ಲ. ಚೀನಾ ದೇಶದ ವಿಜ್ಞಾನಿ ಕುವೊ ಎಂಬವರು ಬೆಕ್ಕಿನ ಮರಿಗಳನ್ನು ಇಲಿಗಳೊಡನೆ ಬೆಳೆಸಿ ನೋಡಿ 1930ರಲ್ಲಿ ಅದರ ವಿವರ ಪ್ರಕಟಿಸಿದರು. ಇಲಿ ಹಿಡಿಯುವ ತಾಯಿಯೊಡನೆ ಬೆಳೆದ 21 ಮರಿಗಳಲ್ಲಿ 18 ಇಲಿಗಳನ್ನು ಕೊಂದವು. ಇಲಿಯೊಡನೆಯೇ ಬೆಳೆದ 18 ಮರಿಗಳಲ್ಲಿ ಕೊಂದದ್ದು ಮೂರು ಮಾತ್ರ. ನಾಯಿಮರಿಗೆ ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ, ಬೆಕ್ಕಿನ ಮರಿಗೆ ಇನ್ನೂ ಮೊದಲೇ, ಎರಡರಿಂದ ಏಳು ವಾರದೊಳಗೆ, ಕಂಡವರೆಲ್ಲ ತನ್ನವರು ಎಂಬ ಭಾವನೆ ನೆಲೆಯೂರುತ್ತದೆ. ಆದ್ದರಿಂದ ಜೊತೆಗೆ ಬೆಳೆದವು ಜೊತೆಗೆ ಬಾಳುವುದು ಹೆಚ್ಚು. ಆದರೆ ಆ ಮೂರನ್ನು ಮರೆಯುವಂತಿಲ್ಲ. ಮನೆಯ ಕೋಳಿಗೆ ಹೊಂದಿಕೊಂಡ ನಾಯಿ ನೆರೆಮನೆಯ ಕೋಳಿಯನ್ನು ಹಿಡಿಯುವುದೂ ನಮಗೆಲ್ಲ ಗೊತ್ತಿದೆ. ಓಡುವ ಪ್ರಾಣಿಯನ್ನು ಕಂಡರೆ ಅಟ್ಟುವುದು ನಾಯಿಯ ಹುಟ್ಟುಗುಣ. ಮೊಲ ಬೆದರಿ ಓಡಿದ ಕ್ಷಣ ಹತ್ತು ತಿಂಗಳ ಸ್ನೇಹ ನೆನಪಿರುವುದಿಲ್ಲ. ಮೊಲವಂತೂ ಗಾಯವಾಗದೆ ಬರಿಯ ಬೆದರಿಕೆಯಿಂದಲೇ ಸಾಯಬಹುದು. ನಾಯಿ ಬಾಲ ಆಡಿಸಿದರೆ ಸಾಮಾನ್ಯವಾಗಿ ಸಂತೋಷ, ಬೆಕ್ಕು ಬಾಲ ಬಡಿದರೆ ಸಿಟ್ಟು. ಒಂದರ ಭಾಷೆ ಇನ್ನೊಂದಕ್ಕೆ ಅರ್ಥವಾಗದೆ ಕಣ್ಣು ಕಳೆದುಕೊಂಡ ನಾಯಿಮರಿಗಳನ್ನು ನಾವು ನೋಡಿದ್ದೇವೆ.

ಬೆಕ್ಕಿನ ಬಾಯಿಂದ ಬಿಡಿಸಿಕೊಂಡ ಹಕ್ಕಿ ಅಥವಾ ಹೂಮರಿಯ ವಿಷಯ ಒಂದು ಮಾತು. ನಮ್ಮ ಮೊಮ್ಮಗಳು ಒಮ್ಮೆ ಹಾಗೆ ಬಿಡಿಸಿದ ಕೋಳಿಮರಿಗೆ ಎಲ್ಲಿಯೂ ರಕ್ತ ಕಾಣಲಿಲ್ಲ; ಬದುಕಿತೆಂದು ಕುಣಿದಳು. ಎರಡನೆಯ ದಿನ ಬೆಳಗ್ಗೆ ಅದು ಬುಟ್ಟಿಯಲ್ಲಿ ಸತ್ತುಬಿದ್ದಿತ್ತು. ಬೆಕ್ಕಿನ ಹಲ್ಲು ಸೂಜಿಯಂತೆ. ಗಾಯ ಪುಕ್ಕದ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಆದರೆ ಬೆಕ್ಕಿನ ಬಾಯಲ್ಲಿ ಸಹಜವಾಗಿಯೇ ಇರುವ ಪಾಶ್ಚುರೆಲ್ಲಾ ಎಂಬ ಸೂಕ್ಷ್ಮಾಣು ಒಳಗೆ ಸೇರಿ ರಕ್ತವನ್ನೇ ನಂಜಾಗಿಸುತ್ತದೆ. ಮಳೆಗಾಲದಲ್ಲಿ ನಮ್ಮ ಎಮ್ಮೆ, ದನಗಳನ್ನು ಕೊಲ್ಲುವ ಗಳಲೆ ರೋಗವೂ ಇದೇ ಜಾತಿಯ ಸೂಕ್ಷ್ಮಾಣುವಿನದು. ಬೆಕ್ಕು ಕಚ್ಚಿದ ಹಕ್ಕಿ ಮೇಲ್ನೋಟಕ್ಕೆ ಚೆನ್ನಾಗಿದ್ದರೂ ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು. ಬಾತು, ಕೋಳಿಗಳನ್ನು ಒಂದೇ ಗೂಡಿನಲ್ಲಿ ಕೂಡುವುದೂ ತರವಲ್ಲ. ನಮ್ಮ ದೇಶದಲ್ಲಿ 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಮೊದಲು ಕಂಡ ಹಕ್ಕಿಜ್ವರವನ್ನು ಬಾತು ತಾನು ಕಾಯಿಲೆ ಬೀಳದೆಯೇ ಹೊತ್ತು ತಿರುಗಬಲ್ಲದು. ಕೋಳಿ ಮಾತ್ರ ಸಾಯುತ್ತದೆ.

ಈಗ ನಮ್ಮ ಮನೆಯ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಮೂರು ವರ್ಷದ ಕೆಳಗೆ ನಾಯಿಗೆ ಉಣ್ಣೆ ವಿಪರೀತವಾಗಿ, ಬೆನ್ನಿಗೆ ಹಾಕುವ ಹನಿ ಔಷಧ ತಂದು ಹಾಕಿದೆವು. ಉಣ್ಣೆ ಉದುರಿತು. ಆದರೆ ನಮ್ಮ ಹೆಣ್ಣುಬೆಕ್ಕು ಚಳಿಗಾಲದಲ್ಲಿ ಬಚ್ಚಲ ಒಲೆಯ ಪಕ್ಕ ಆ ನಾಯಿಯ ಬೆನ್ನಿಗೆ ಆತು ಮಲಗುವುದು ರೂಢಿ. ಅದರ ಮೈಯನ್ನು ನೆಕ್ಕುವುದೂ ಉಂಟು. ಮರುದಿನ ಬೆಳಗಿನ ಜಾವ ಬೆಕ್ಕಿನ ಕಿವಿ ಅದುರತೊಡಗಿತು. ಜೊಲ್ಲು ಸುರಿಯಿತು. ಹೊತ್ತೇರುವುದರೊಳಗೆ ಮೈಯೆಲ್ಲ ನಡುಗಿ ಸೆಟೆದುಕೊಂಡಿತು. ಹಾವು ಕಚ್ಚಿರಬೇಕೆಂದು ನಾವು ತಿಳಿದೆವು. ಪೇಟೆಯ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ನಾಯಿಗೆ ಏನಾದರೂ ಹಾಕಿದ್ದಿರಾ?"

ಆ ಹನಿಯಲ್ಲಿದ್ದುದು ಪರ್ಮೆತ್ರಿನ್. ನಾಯಿಯ ಯಕೃತ್ತು ಅದನ್ನು ಒಡೆದು ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿಗೆ ಆ ಸಾಮರ್ಥ್ಯ ಬಹಳ ಕಡಿಮೆ. ಮನುಷ್ಯರು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಅರ್ಧ ಮಾತ್ರೆಯೂ ಇದೇ ಕಾರಣದಿಂದ ಬೆಕ್ಕನ್ನು ಕೊಲ್ಲಬಹುದು. ದನದ ಮೈಗೆ ಬಳಿಯುವ ಸೈಪರ್‌ಮೆತ್ರಿನ್, ಡೆಲ್ಟಾಮೆತ್ರಿನ್‌ಗಳೂ ಇದೇ ಗುಂಪಿನವು. ಔಷಧದ ಪೊಟ್ಟಣದ ಮೇಲೆ ಬೆಕ್ಕಿನ ಚಿತ್ರಕ್ಕೆ ಅಡ್ಡಗೀಟು ಹಾಕಿದ್ದರು. ಡಬ್ಬಿಯ ಚೀಟಿ ಓದದೆ ತೋಟಕ್ಕೆ ಔಷಧ ಹೊಡೆಯಬೇಡಿ ಎಂದು ಇದೇ ಪತ್ರಿಕೆಯಲ್ಲಿ ವರ್ಷಕ್ಕೆ ಎರಡು ಸಲ ಬರೆಯುವ ನಾವು ಆ ಗೀಟನ್ನು ನೋಡಲಿಲ್ಲ. ನಾಯಿಗೆ, ದನಕ್ಕೆ ಉಣ್ಣೆಯ ಔಷಧ ಹಾಕಿದರೆ ಮೂರು ದಿನ ಬೆಕ್ಕನ್ನು ಅದರ ಹತ್ತಿರ ಬಿಡಕೂಡದು. ಬೆಕ್ಕಿನ ಮೈಗೆ ತಗಲಿದ್ದು ಗೊತ್ತಾದರೆ ಉಗುರುಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ಸೋಪಿನಿಂದ ತೊಳೆದು, ಒರೆಸಿ, ಬೆಚ್ಚಗೆ ಸುತ್ತಿಕೊಂಡು ಕೂಡಲೇ ವೈದ್ಯರ ಬಳಿಗೆ ಓಡಬೇಕು.

ಹಾಗೆಂದು ಉಣ್ಣೆಯನ್ನು ಅಸಡ್ಡೆ ಮಾಡುವಂತೆಯೂ ಇಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಹಿಂದೆಯೇ ಮನುಷ್ಯರಿಗೂ ಜ್ವರ ಬಂದು ಬೆಳಕಿಗೆ ಬಂದ ಮಂಗನ ಕಾಯಿಲೆ ನಮ್ಮ ಅಡಿಕೆ ಸೀಮೆಯನ್ನು ಇನ್ನೂ ಬಿಟ್ಟಿಲ್ಲ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಆದ ಸಾವುಗಳನ್ನು ಸದಸ್ಯರು ಮರೆತಿರಲಾರರು. ಆಗ ಕೊಡುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಕಾಡಿನಲ್ಲಿ ಮೇಯುವ ದನದ ಮೈಮೇಲೆ ಬಲಿತ ಉಣ್ಣೆ ರಕ್ತ ಹೀರಿ, ಕೆಳಗೆ ಬಿದ್ದು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಅದರ ಮರಿಗಳು ಮಂಗನನ್ನೂ ಮನುಷ್ಯನನ್ನೂ ಕಚ್ಚುತ್ತವೆ. ದನಕ್ಕೆ ಮಾತ್ರ ಕಾಯಿಲೆಯ ಸುಳಿವೂ ಇರುವುದಿಲ್ಲ. ಕಾಡು ಸುತ್ತಿ ಬಂದ ನಾಯಿ ಕೊಟ್ಟಿಗೆಯಲ್ಲಿ ಮಲಗಿ, ಅಲ್ಲಿಂದೆದ್ದು ಜಗಲಿಗೆ ಬಂದು, ಮಕ್ಕಳ ಹಾಸಿಗೆಯ ಬದಿಗೆ ಒರಗುವಾಗ ಮೈಮೇಲೆ ಏನನ್ನು ಹೊತ್ತು ತಂದಿದೆ ಎಂಬುದನ್ನು ದರಗು ತರುವ ತಿಂಗಳುಗಳಲ್ಲಾದರೂ ನೋಡಬೇಕು.

ಎಲ್ಲಕ್ಕಿಂತ ಮುಖ್ಯವಾದ ವಿಷಯವನ್ನು ಕಡೆಗೆ ಉಳಿಸಿಕೊಂಡೆವು, ಏಕೆಂದರೆ ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಎಂಟು ವರ್ಷದ ಹಿಂದೆ ನಮ್ಮ ಕೊಟ್ಟಿಗೆಯಲ್ಲಿ ಒಂದು ಕಪ್ಪು ಹಸು ಇತ್ತು. ನಮ್ಮ ಕಾವಲುನಾಯಿ ಮರಿಯಾಗಿದ್ದಾಗಿನಿಂದ ಅದರ ಗೋದಲಿಯ ಕೆಳಗೆ ಮಲಗುತ್ತಿತ್ತು. ಹಸು ಅದರ ತಲೆ ನೆಕ್ಕುವುದನ್ನು ಬಂದವರಿಗೆಲ್ಲ ತೋರಿಸುತ್ತಿದ್ದೆವು. ಒಂದು ಮಳೆಗಾಲದಲ್ಲಿ ನಾಯಿ ಯಾವುದೋ ಬೀದಿನಾಯಿಯೊಡನೆ ಕಚ್ಚಾಡಿ ಬಂತು. ಕೆಲವು ವಾರಗಳ ಮೇಲೆ ಒಂದು ದಿನ ಮಂಕಾಗಿ, ಸಂಜೆಗೆ ಎದ್ದು ಹೋದದ್ದು ತಿರುಗಿ ಬರಲಿಲ್ಲ. ಚಿರತೆ ಒಯ್ದಿತೆಂದುಕೊಂಡೆವು. ಹಸುವಿನ ಮೂಗಿನ ಬದಿಯಲ್ಲಿ ಒಂದು ಸಣ್ಣ ಗೀರು ಇದ್ದುದನ್ನು ಮನೆಯವರು ಕಂಡು ಅರಿಸಿನ ಹಚ್ಚಿದ್ದರು, ಅಷ್ಟೆ.

ಎರಡು ತಿಂಗಳ ಮೇಲೆ ಹಸು ಮೇವು ಬಿಟ್ಟಿತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು, ನೀರು ಗಂಟಲಲ್ಲಿ ಇಳಿಯದು, ಕೂಗು ಒಡೆದ ಕಹಳೆಯಂತಾಗಿತ್ತು. ಹಲಸಿನ ಬೀಜವೋ ಹಾಳೆಯ ಚೂರೋ ಸಿಕ್ಕಿಕೊಂಡಿರಬೇಕೆಂದು ನಾವೇ ತೋಳೇರಿಸಿ ಬಾಯೊಳಗೆ ಕೈ ಹಾಕಿ ಗಂಟಲು ತಡಕಿದೆವು. ಕೆಲಸದ ಇಬ್ಬರು ದವಡೆ ಹಿಡಿದರು. ಮನೆಯವರು ಗೊಟ್ಟದಲ್ಲಿ ಕಷಾಯ ಎರೆದರು. ಮಗ ನಾಲಿಗೆ ಎಳೆದು ಹಿಡಿದಿದ್ದ. ಪಶುವೈದ್ಯರು ಬಂದವರು ಕೊಟ್ಟಿಗೆಯ ಬಾಗಿಲಲ್ಲೇ ನಿಂತು, "ಎಲ್ಲರೂ ಹೊರಗೆ ಬನ್ನಿ, ಮೊದಲು ಸೋಪು ಹಾಕಿ ಕೈ ತೊಳೆಯಿರಿ" ಎಂದರು. ಹಸು ನಾಲ್ಕನೆಯ ದಿನ ಸತ್ತಿತು. ಹುಚ್ಚುನಾಯಿ ರೋಗ. ನಾವು ಐದೂ ಮಂದಿ ಚುಚ್ಚುಮದ್ದು ತೆಗೆದುಕೊಂಡೆವು. ಕೈಯಲ್ಲಿ ಅಡಿಕೆ ಸುಲಿದ ಗಾಯವಿದ್ದ ಒಬ್ಬರಿಗೆ ಸೀರಮ್ಮನ್ನೂ ಕೊಟ್ಟರು. ಎಲ್ಲರೂ ಉಳಿದೆವು. ಆ ನಾಯಿಗೆ ಮೊದಲ ವರ್ಷ ಲಸಿಕೆ ಹಾಕಿಸಿದ್ದೆವು. ಎರಡನೆಯ ವರ್ಷ ಕೊಯ್ಲಿನ ಗಡಿಬಿಡಿಯಲ್ಲಿ ಬಿಟ್ಟುಹೋಗಿತ್ತು.

ನಾಯಿಗೆ ಬೆದರುವ ಹಸುವಾಗಿದ್ದರೆ ಕಾಯಿಲೆ ಹತ್ತಿದ ನಾಯಿ ಬಳಿಗೆ ಬಂದಾಗ ಕೊಂಬು ತಗ್ಗಿಸುತ್ತಿತ್ತು. ನಮ್ಮದು ಎಂದಿನಂತೆ ಮೂತಿ ಚಾಚಿರಬೇಕು. ಈ ಒಂದು ಯೋಚನೆ ನಮ್ಮನ್ನು ಬಹಳ ದಿನ ಕಾಡಿತು.

ನಮ್ಮ ತಂದೆಯವರ ಕಾಲದಲ್ಲಿ ನಾಯಿ ಕಚ್ಚಿದರೆ ಹೊಟ್ಟೆಗೆ ಹದಿನಾಲ್ಕು ಸೂಜಿ. ಅದಕ್ಕಾಗಿ ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿ ಸ್ಥಾಪನೆಯಾದ ಪಾಶ್ಚರ್ ಸಂಸ್ಥೆಯ ಹೆಸರು ಹಳಬರ ಬಾಯಲ್ಲಿತ್ತು. ಆ ಹಳೆಯ ಲಸಿಕೆ 2005ರ ಹೊತ್ತಿಗೆ ದೇಶದಲ್ಲಿ ನಿಂತುಹೋಗಿದೆ. ಈಗ ತೋಳಿಗೆ ನಾಲ್ಕೋ ಐದೋ ಸುತ್ತು, ಅಷ್ಟೆ. ಕಚ್ಚಿದ ಜಾಗವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಬೇಕು. ಸುಣ್ಣ, ಕಾರದಪುಡಿ, ಕಾಫಿಪುಡಿ ಏನನ್ನೂ ಮೆತ್ತಕೂಡದು. ಕಚ್ಚಿದ್ದು ಬೆಕ್ಕಾದರೂ ಇದೇ ಕ್ರಮ. ನಾಯಿಯಿಂದ ಬೆಕ್ಕಿಗೂ ಈ ರೋಗ ದಾಟುತ್ತದೆ. ದನವನ್ನು ಕಚ್ಚಿದರೆ ಅದಕ್ಕೂ ಚುಚ್ಚುಮದ್ದಿದೆ, ತಡಮಾಡದಿದ್ದರೆ ಉಳಿಯುತ್ತದೆ. ಲಕ್ಷಣ ಕಂಡಮೇಲೆ ಮನುಷ್ಯನಿಗಾಗಲಿ ಪ್ರಾಣಿಗಾಗಲಿ ಔಷಧವಿಲ್ಲ. ಜೊಲ್ಲು ಸುರಿಸುವ ದನದ ಬಾಯಿಗೆ ಕೈ ಹಾಕುವ ನಮ್ಮವರ ಅಭ್ಯಾಸ ಮೊದಲು ನಿಲ್ಲಬೇಕು. ಅಂಥ ದನದ ಹಾಲನ್ನು ಕಾಯಿಸಿದರೂ ಬಳಸದೆ ಚೆಲ್ಲಿಬಿಡುವುದು ಲೇಸು.

ಚಂದ್ರಂಪಳ್ಳಿಯ ದಂಡೆಯಲ್ಲಿ ನಮಗೆ ಹೊಳೆದ ಇನ್ನೊಂದು ಅಂಶವನ್ನೂ ಹೇಳಬೇಕು. ಅಲ್ಲಿಯ ನಾಯಿ ನೀರು ಕುಡಿಯುವ ದಂಡೆಗೆ ರಾತ್ರಿ ತೋಳವೂ ನರಿಯೂ ಬರುತ್ತವೆ. ನಾಯಿಮರಿಗಳನ್ನು ಕೊಲ್ಲುವ ಡಿಸ್ಟೆಂಪರ್ ರೋಗ ಅವುಗಳಿಗೂ ಹತ್ತುತ್ತದೆ, ಹುಲಿ ಸಿಂಹಗಳನ್ನೂ ಬಿಡುವುದಿಲ್ಲ. ಆಫ್ರಿಕಾದ ಸೆರೆಂಗೆಟಿಯಲ್ಲಿ 1994ರಲ್ಲಿ ಮೂರರಲ್ಲಿ ಒಂದು ಪಾಲು ಸಿಂಹಗಳು ಇದರಿಂದ ಅಳಿದವು. ಗುಜರಾತಿನ ಗಿರ್ ಕಾಡಿನಲ್ಲಿ 2018ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಇದೇ ರೋಗಾಣು ಪತ್ತೆಯಾಗಿ, ಅಮೆರಿಕದಿಂದ ಲಸಿಕೆ ತರಿಸಬೇಕಾಯಿತು. ನಮ್ಮ ತೋಟಗಳ ಬೇಲಿಯಾಚೆಯೂ ಕಾಡೇ ಇದೆ. ನಮ್ಮ ನಾಯಿ ಅಲ್ಲಿಂದ ತರುವುದರ ಬಗ್ಗೆ ಹೆದರುವ ನಾವು, ಅಲ್ಲಿಗೆ ಒಯ್ಯುವುದರ ಬಗ್ಗೆ ಯೋಚಿಸಿದ್ದು ಕಡಿಮೆ.

ಪ್ರಾಣಿಗಳನ್ನು ಒಂದರ ಮುಖ ಒಂದು ನೋಡದಂತೆ ಇಡಿ ಎಂದು ನಾವು ಹೇಳುವುದಿಲ್ಲ; ಮಲೆನಾಡಿನ ಮನೆಯಲ್ಲಿ ಅದು ಆಗುವ ಮಾತೂ ಅಲ್ಲ. ನಮ್ಮ ಮನೆಯಲ್ಲಿ ಈಗ ನಡೆಸುತ್ತಿರುವುದು ಇಷ್ಟು. ನಾಯಿ, ಬೆಕ್ಕುಗಳ ತಟ್ಟೆ ಬೇರೆ, ಜಾಗ ಬೇರೆ. ಬೆಕ್ಕಿನ ತಟ್ಟೆ ನಾಯಿಗೆ ಎಟುಕದ ಅಟ್ಟಣೆಯ ಮೇಲೆ. ಉಂಡಾದ ಮೇಲೆ ತಟ್ಟೆಗಳನ್ನು ತೊಳೆದು ಒಳಗಿಡುತ್ತೇವೆ. ರಾತ್ರಿ ಅಂಗಳದಲ್ಲಿ ಉಳಿದ ಅನ್ನಕ್ಕೆ ಇಲಿ ಬಂದು ಉಚ್ಚೆ ಹೊಯ್ದರೆ ಇಲಿಜ್ವರ ನಾಯಿಗೂ ದನಕ್ಕೂ ನಮಗೂ ಬರುತ್ತದೆ. ಹೊಸದಾಗಿ ತಂದ ಯಾವ ಪ್ರಾಣಿಯನ್ನಾಗಲಿ ಎರಡು ವಾರ ಹಳೆಯ ಅಡಿಕೆ ಮನೆಯಲ್ಲಿ ಕೂಡಿಟ್ಟು, ಕಜ್ಜಿ, ಹುಳುಕಡ್ಡಿ, ಕೆಮ್ಮು ಇಲ್ಲವೆಂದು ಕಂಡ ಮೇಲೆಯೇ ಹೊರಬಿಡುವುದು. ಮೊದಲ ಭೇಟಿ ನಾಯಿಯ ಕೊರಳಿಗೆ ಹಗ್ಗ ಇದ್ದಾಗಲೇ. ಹಸಿ ಕರುಳು, ತಲೆಗಳನ್ನು ನಾಯಿಗೆ ಹಾಕದೆ ಗುಂಡಿ ತೋಡಿ ಹೂಳುವುದು, ಹಾಕಲೇಬೇಕೆಂದಿದ್ದರೆ ಚೆನ್ನಾಗಿ ಬೇಯಿಸಿ ಹಾಕುವುದು. ನಾಯಿ ಕೊಟ್ಟಿಗೆಯಲ್ಲಿ ಮಲಗುವುದನ್ನು ತಪ್ಪಿಸಲು ಅಡ್ಡಗಳು ಹಾಕಿದ್ದೇವೆ. ಮೊದಮೊದಲು ಅದು ರಾತ್ರಿಯೆಲ್ಲ ಅಳುತ್ತಿತ್ತು, ಈಗ ಹೊಂದಿಕೊಂಡಿದೆ.

ಲಸಿಕೆ ಮೂರನೆಯ ತಿಂಗಳಿಗೆ ಮೊದಲ ಸುತ್ತು, ಆಮೇಲೆ ವೈದ್ಯರು ಹೇಳಿದಂತೆ ವರ್ಷ ವರ್ಷವೂ. ಬೆಕ್ಕಿಗೂ ಹಾಕಿಸಬೇಕು. ಕೊಯ್ಲಿನ ಗಡಿಬಿಡಿಯಲ್ಲಿ ನಮಗೆ ಆದಂತೆ ನಿಮಗೂ ಮರೆತು ಹೋಗದಿರಲೆಂದು ಸಂಘದ ಕಚೇರಿಯಲ್ಲಿ ಒಂದು ರಿಜಿಸ್ಟರ್ ತೆರೆದಿದ್ದೇವೆ. ಸದಸ್ಯರ ಹೆಸರು, ಸಾಕಿದ ನಾಯಿ ಬೆಕ್ಕುಗಳ ಸಂಖ್ಯೆ, ಹಿಂದಿನ ಲಸಿಕೆಯ ತಾರೀಕು ಬರೆಸಿದರೆ ಸಾಕು. ವರ್ಷ ತುಂಬುವ ಮೊದಲು ನಮ್ಮ ಗುಮಾಸ್ತರು ತಿಳಿಸುತ್ತಾರೆ. ಇದುವರೆಗೆ ಬರೆಸಿದವರು ಕೆಲವೇ ಮಂದಿ. ಉಳಿದವರು ಗೊಬ್ಬರದ ಬೇಡಿಕೆ ಕೊಡಲು ಬಂದಾಗ ಇದನ್ನೂ ಬರೆಸಿ ಹೋಗಬೇಕಾಗಿ ಕೋರಿಕೆ.